ಲಾಂಡ್ರಿಗೆ ಇಳಿದ ಯಂತ್ರ

ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಗಿಡ್ಡಿ ಎಂದೇ ಕರೆಯುತ್ತಿದ್ದರು. ಬಿಸಿ ರೋಲರಿನಿಂದ ಹೊರಬರುವ ಬೆಡ್‌ಶೀಟುಗಳನ್ನು ಮಡಚುವುದು ಅವಳ ಕೆಲಸ. ಬಸುರಿಗೆ ಏಳು ತಿಂಗಳು ತುಂಬುವ ಹೊತ್ತಿಗೆ ಕಾಲು ಬಾತುಕೊಂಡವು, ಬಿಪಿ ಏರಿತು. ಮಡಚುವ ಮೇಜಿನ ಬಳಿ ಮೊದಲು ಕುರ್ಚಿಗಳಿದ್ದವು. ಕೂತರೆ ಕೈ ನಿಧಾನವಾಗುತ್ತದೆ ಎಂದು ಮೇಸ್ತ್ರಿ ಹೋದ ವರ್ಷ ತೆಗೆಸಿದ್ದ.

ಮೇಲಿನ ಮಹಡಿಗೆ, ಉಸಿರಾಟ ಕಲಿಸಿ ಬಸುರಿ ಬಾಣಂತಿಯರ ಮನಸ್ಸಿನ ಒತ್ತಡ ಇಳಿಸುವ ಹೊಸ ಯಂತ್ರ ಬಂದಿತ್ತು. ಡಾಕ್ಟರು ಗಿಡ್ಡಿಯನ್ನೂ ಅಲ್ಲಿಗೆ ಕಳಿಸಿದರು. ನರ್ಸ್ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದಳು. ಪರದೆಯ ಮೇಲೆ ಎದೆಬಡಿತದ ಗೆರೆ ಗರಗಸದ ಹಲ್ಲಿನಂತೆ ಓಡಿತು.

"ನಿಧಾನಕ್ಕೆ ಉಸಿರು ಎಳ್ಕೊಳ್ಳಿ. ಬಿಡುವಾಗ ಇನ್ನೂ ನಿಧಾನ. ಗೆರೆ ನೋಡ್ತಾ ಇರಿ, ಅದೇ ಹೇಳಿಕೊಡುತ್ತೆ."

ಹತ್ತು ನಿಮಿಷದಲ್ಲಿ ಗೆರೆ ಅಲೆಯಂತೆ ನುಣುಪಾಯಿತು. ತನ್ನ ಮೈ ತನ್ನ ಮಾತು ಕೇಳಿತಲ್ಲ ಎಂದು ಗಿಡ್ಡಿಗೆ ಖುಷಿಯಾಯಿತು. ಆಮೇಲೆ ಕೆಳಗಿಳಿದು ಸಂಜೆಯವರೆಗೆ ನಿಂತಳು.

"ಏನಮ್ಮಾ, ಉಸಿರಾಡೋದು ಕಲಿತು ಬಂದ್ಯಾ?" ಎಂದು ಮೇಸ್ತ್ರಿ ನಕ್ಕ. "ಇಷ್ಟು ದಿನ ಏನು ಮಾಡ್ತಿದ್ದೆ ಹಾಗಾದ್ರೆ?"

ನಾಲ್ಕನೇ ಸಲ ಹೋದಾಗ ಗೆರೆ ಹಿಡಿತಕ್ಕೆ ಬರಲಿಲ್ಲ. ಮರುದಿನ ಆಡಳಿತಾಧಿಕಾರಿಯ ಕಚೇರಿಯಿಂದ ಚೀಟಿ ಬಂತು: ಮನೆಯಲ್ಲಿ ಅಭ್ಯಾಸ ಸಾಲದು, ಒತ್ತಡ ನಿಭಾಯಿಸಲು ಇನ್ನಷ್ಟು ಪ್ರಯತ್ನ ಅಗತ್ಯ.

ಸಂಜೆ ಅದನ್ನು ಓದಿಸಿಕೊಂಡ ಅತ್ತೆ, ಸೊಸೆಯ ಕಾಲನ್ನು ಬಿಸಿನೀರಿನಲ್ಲಿಟ್ಟು, "ಕಾಲು ಕಟ್ಟಿಹಾಕಿ ಓಡು ಅಂದ ಹಾಗಾಯ್ತಲ್ಲೇ ಇದು" ಎಂದಳು. ಸಿಟ್ಟಿಗೆ ಗಿಡ್ಡಿಯ ಮೈಯೆಲ್ಲ ಉರಿಯುತ್ತಿತ್ತು.

ಬೆಳಿಗ್ಗೆ ಚೀಟಿ ಹಿಡಿದು ನರ್ಸಿನ ಮುಂದೆ ನಿಂತಳು. "ಇದು ನೀವು ಬರೆದಿದ್ದಾ ಸಿಸ್ಟರ್?"

"ಇಲ್ಲ. ನಾನು ಗೆರೆಗಳನ್ನ ಕಳಿಸ್ತೀನಷ್ಟೆ. ಬರೆಯೋದು ಅವರು."

"ಹಾಗಾದ್ರೆ ಯಂತ್ರ ತಗೊಂಡು ಕೆಳಗೆ ಬನ್ನಿ."

ನರ್ಸ್ ಹಿಂದುಮುಂದು ನೋಡಿದಳು. ಆದರೂ ಮಾರನೆಯ ದಿನ ರಜೆ ಹಾಕಿ, ಕೈಚೀಲದಲ್ಲಿ ಹಿಡಿಸುವಷ್ಟು ಸಣ್ಣದಾದ ಆ ಯಂತ್ರವನ್ನೂ ವಾರ್ಡಿನ ಒಂದು ಸ್ಟೂಲನ್ನೂ ಹೊತ್ತು ಇಳಿದುಬಂದಳು. ಮಡಚಲು ಕೈ ಬೇಕಲ್ಲ ಎಂದು ಕ್ಲಿಪ್ಪನ್ನು ಗಿಡ್ಡಿಯ ಕಿವಿಗೆ ಹಾಕಿದಳು. ನಿಂತು ಮಡಚಿದ ಒಂದು ಗಂಟೆ ಬರೀ ಗರಗಸ. ಕೂತು ಮಡಚಿದಾಗ ಗೆರೆ ಮೆಲ್ಲಗೆ ಇಳಿಯಿತು, ಬೆಡ್‌ಶೀಟುಗಳ ಲೆಕ್ಕವೇನೂ ಕಡಿಮೆಯಾಗಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಬಂದು, "ಈ ಸ್ಟೂಲು ಯಾರು ಕೊಟ್ಟಿದ್ದು?" ಎಂದು ಗದರಿದ. ಗೆರೆ ಎಗರಿತು. ನರ್ಸ್ ಸದ್ದಿಲ್ಲದೆ ಸಮಯ ಬರೆದುಕೊಂಡಳು.

ಆ ಗೆರೆಗಳ ಹಾಳೆಗಳನ್ನು ಗಿಡ್ಡಿ ಕಚೇರಿಗೆ ಒಯ್ದು ಮುಂದಿಟ್ಟಾಗ ಆಡಳಿತಾಧಿಕಾರಿ ಅವನ್ನು ಪಕ್ಕಕ್ಕೆ ಸರಿಸಿದರು. "ಯಂತ್ರ ತಂದಿರೋದು ನಿಮ್ಮ ನೆಮ್ಮದಿಗಮ್ಮಾ, ದೂರು ಹೇಳೋಕಲ್ಲ. ಸ್ವಲ್ಪ ಶಾಂತವಾಗಿರೋದು ಕಲೀರಿ."

"ಕಲಿತೆ ಸಾರ್. ಸಿಸ್ಟರ್ ಚೆನ್ನಾಗೇ ಕಲಿಸಿದ್ರು. ಕುರ್ಚಿ ಕಿತ್ಕೊಂಡೋರಿಗೆ ಏನು ಕಲಿಸ್ತೀರಿ?"

ಗಿಡ್ಡಿ ಅವರ ಎದುರಿನ ಕುರ್ಚಿಯಲ್ಲಿ ಕೂತಳು. "ಕೆಳಗೆ ಕುರ್ಚಿ ಬರೋವರೆಗೂ ನಾನು ಏಳಲ್ಲ."

ಮಡಚುವ ಹೆಂಗಸರು ಒಬ್ಬೊಬ್ಬರಾಗಿ ಮೇಲೆ ಬಂದು ಬಾಗಿಲಲ್ಲಿ ನಿಂತರು. ರೋಲರು ನಿಂತಿತು. ಎರಡು ಗಂಟೆಗೆ ಆಪರೇಷನ್ ಥಿಯೇಟರಿನಿಂದ, ಬಟ್ಟೆ ಎಲ್ಲಿ ಎಂದು ಫೋನು ಬಂತು. ಮೂರರೊಳಗೆ ನಾಲ್ಕು ಕುರ್ಚಿಗಳು ಕೆಳಗಿಳಿದವು.

ಅದೇ ವಾರ ನರ್ಸನ್ನು ಕಣ್ಣಿನ ವಾರ್ಡಿಗೆ ಎತ್ತಿಹಾಕಿದರು. ಮೇಸ್ತ್ರಿ ಮೇಸ್ತ್ರಿಯಾಗಿಯೇ ಉಳಿದ.

ಗಿಡ್ಡಿಯ ಮಗಳು ನಾಲ್ಕು ವಾರ ಮೊದಲೇ ಹುಟ್ಟಿದಳು. ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಕಾರಣ ಇದೇ ಎಂದು ಹೇಳಲಾಗದು ಎಂದರು ಡಾಕ್ಟರು. ನಿಂತ ಗಂಟೆಗಳು ಗಿಡ್ಡಿಯ ಕಾಲಿಗೆ ಗೊತ್ತಿದ್ದವು.

ಡ್ಯೂಟಿ ಮುಗಿಸಿ ನೋಡಲು ಬಂದ ನರ್ಸ್ ಮೆಲ್ಲಗೆ ಕೇಳಿದಳು, "ಉಸಿರಿನ ಅಭ್ಯಾಸ ಮಾಡ್ತಿದೀರಾ?"

"ಮಾಡ್ತಿದೀನಿ ಸಿಸ್ಟರ್. ಮಗೂಗೆ ಹಾಲು ಬರಬೇಕಲ್ಲ. ಆದ್ರೆ ಸಿಟ್ಟು ಮಾತ್ರ ಇಳಿಸ್ಕೊಳ್ಳಲ್ಲ."

ಹತ್ತನೆಯ ದಿನ ಮಗು ಮನೆಗೆ ಬಂತು. ಕೆಲಸಕ್ಕೆ ಮರಳಿದ ಬೆಳಿಗ್ಗೆ ಗಿಡ್ಡಿ ಲಾಂಡ್ರಿಗಿಂತ ಮೊದಲು ಕಚೇರಿಗೆ ಹೋದಳು. ಬಾಣಂತಿ ಕೆಲಸಗಾರರಿಗೆ ಹಾಲೂಡಿಸಲು ಕೋಣೆ ಬೇಕೆಂಬ ಅರ್ಜಿ ಕೊಟ್ಟಳು. ಗುಮಾಸ್ತ ಅದನ್ನು ಮೂಲೆಗಿಡಲು ಹೋದಾಗ, ಮೊದಲು ಅರ್ಜಿ ತಲುಪಿದ್ದಕ್ಕೆ ಮೊಹರು ಒತ್ತಿಕೊಡಿ ಎಂದು ಕೈಚಾಚಿ ನಿಂತಳು.