ಬಾಗಿಲಲ್ಲಿಟ್ಟ ಚಪ್ಪಲಿ

ಊಟದ ನಂತರದ ಕೊನೆಯ ಪೀರಿಯಡ್, ಇಂಗ್ಲಿಷ್. ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನು ಮೇಜಿನ ಮೇಲಿಟ್ಟು ಪ್ರೇಮಕುಮಾರಿ ಸೆರಗು ಸರಿಮಾಡಿಕೊಂಡರು. ದ್ವಿತೀಯ ಪಿಯುಸಿ ಕಾಮರ್ಸಿನ ತರಗತಿ ಒಮ್ಮೆಲೇ ಗಪ್‌ಚಿಪ್ಪಾಯಿತು.

ಮುಂದಿನ ಬೆಂಚುಗಳಲ್ಲಿ ಕಾನ್ವೆಂಟಿನಿಂದ ಬಂದವರು, ಹಿಂದೆ ಕನ್ನಡ ಮಾಧ್ಯಮದವರು. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ. ಕಾಲೇಜು ಶುರುವಾದ ವಾರದಲ್ಲೇ ತಾನಾಗಿ ಆಗಿಬಿಟ್ಟಿತ್ತು. ಮುಂದಿನವರಿಗೆ ಪ್ರೇಮಕುಮಾರಿ ದೊಡ್ಡ ನೋಟ್ಸ್ ಬರೆಸುತ್ತಿದ್ದರು. ಹಿಂದಿನವರಿಗೆ ಬಾಯಿಪಾಠಕ್ಕೆ ಕೆಲವೇ ಉತ್ತರಗಳು. ಅದಕ್ಕೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಪಾಠ ಓದುವ ಸರದಿಯೂ ಹಿಂದಿನ ಬೆಂಚಿಗೆ ಬರುತ್ತಿರಲಿಲ್ಲ. ಪಾಪ, ತಡವರಿಸಿ ನಾಚಿಕೆಪಡುವುದೇಕೆ ಎಂದು ಅವರೇ ಬಿಟ್ಟುಬಿಡುತ್ತಿದ್ದರು.

ಪತ್ರಿಕೆ ಹಂಚುವಾಗ ಒಂದೆರಡು ತಮಾಷೆಯ ಉತ್ತರಗಳನ್ನು ಗಟ್ಟಿಯಾಗಿ ಓದುವುದು ಅವರ ರೂಢಿ. ಹೆಸರು ಹೇಳುತ್ತಿರಲಿಲ್ಲ. ಆದರೆ ಓದಿ ಮುಗಿಸಿದ ಪತ್ರಿಕೆ ಯಾರ ಕೈ ಸೇರುತ್ತದೆಂದು ಎಲ್ಲರೂ ಕತ್ತು ಚಾಚಿ ನೋಡುತ್ತಿದ್ದರು.

ಪಠ್ಯದಲ್ಲೊಂದು ಪದ್ಯವಿತ್ತು. ಕಡಲಿಗೆ ಹೋದ ಮೀನುಗಾರ ಮರಳುವುದಿಲ್ಲ. ಅವನ ಹೆಂಡತಿ ಪ್ರತಿ ಸಂಜೆ ಕಿಟಕಿಯಲ್ಲಿ ದೀಪ ಇಡುತ್ತಾಳೆ. ಯಾಕೆ? ನಿಜವಾದ ಪ್ರೀತಿಯ ಕಾಯುವಿಕೆಗೆ ಕೊನೆಯಿಲ್ಲ ಎಂಬುದು ನೋಟ್ಸಿನ ಉತ್ತರ. ತರಗತಿಗೆ ತರಗತಿಯೇ ಅದನ್ನು ಬರೆದಿತ್ತು, ಒಂದು ಪತ್ರಿಕೆಯ ಹೊರತು.

"ದಟ್ ವುಮನ್ ನಾಟ್ ವೇಟಿಂಗ್," ಪ್ರೇಮಕುಮಾರಿ ಓದಿದರು. "ಪೀಪಲ್ ನಾಟ್ ಆಸ್ಕ್, ಸೋ ಶಿ ಕೀಪ್ ಲ್ಯಾಂಪ್. ಇನ್ ಅವರ್ ಹೌಸ್ ಡೋರ್ ಆಲ್ಸೋ ಒನ್ ಪೇರ್ ಚಪ್ಪಲ್." ತಲೆಯೆತ್ತಿ ನಕ್ಕರು. "ಮೀನುಗಾರನ ಪದ್ಯದೊಳಗೆ ಈ ಚಪ್ಪಲಿ ಎಲ್ಲಿಂದ ಬಂತು?"

"ಸಮುದ್ರದಲ್ಲಿ ತೇಲ್ಕೊಂಡು ಬಂತು, ಮೇಡಂ!" ಎಂದ ಅಶ್ವಿನ್, ಮೊದಲ ಬೆಂಚಿನ ಎಸ್ಟೇಟ್ ಮಾಲೀಕರ ಹುಡುಗ. ತರಗತಿ ಹೋ ಎಂದಿತು.

ಪತ್ರಿಕೆ ಹಿಂದಿನ ಬೆಂಚಿನ ಭುವನಾಳ ಕೈ ಸೇರಿತು. ಅವಳು ಅಳಲಿಲ್ಲ. ಮಡಿಸಿ ಚೀಲಕ್ಕೆ ಹಾಕಿದಳು. ಹೊರಗೆ ತಮ್ಮೂರುಗಳ ಕಡೆ ಹೋಗುವ ಕಳಸದ ಬಸ್ಸಿನ ಹಾರನ್ ಕೇಳಿದ್ದೇ ಹಿಂದಿನ ಬೆಂಚಿನವರು ಎಂದಿನಂತೆ ದಡಬಡ ಎದ್ದರು.

ಮರುದಿನ ಭುವನಾ ಬರಲಿಲ್ಲ. ಅದರ ಮರುದಿನವೂ ಇಲ್ಲ. ಹಾಜರಿ ಕರೆಯುವಾಗ ಪ್ರೇಮಕುಮಾರಿ ಆ ಹೆಸರಿನ ಬಳಿ ತುಸು ನಿಲ್ಲತೊಡಗಿದರು. ಜ್ವರವಿರಬಹುದು ಎಂದುಕೊಂಡರು. ಅಷ್ಟರಲ್ಲಿ ಕಾರಿಡಾರಿನಲ್ಲಿ ಯಾರೋ "ಚಪ್ಪಲಿ ಬಂದಿಲ್ವೇನೋ?" ಎಂದು ಕೂಗಿದ್ದು ಕಿವಿಗೆ ಬಿತ್ತು. ಆಮೇಲೆ ಯಾವ ಪಾಠವೂ ನೆಟ್ಟಗೆ ಸಾಗಲಿಲ್ಲ.

ಭುವನಾ ಬರುತ್ತಿಲ್ಲವೆಂದು ಹೇಳಿದಾಗ ಪ್ರಾಂಶುಪಾಲ ಶಾಂತವೀರಪ್ಪ, "ಬಿಡಿ ಮೇಡಂ," ಎಂದರು. "ಹೋದ ವರ್ಷ ಇಂಗ್ಲಿಷಲ್ಲೇ ನಮ್ಮ ರಿಸಲ್ಟ್ ಬಿದ್ದಿದ್ದು. ನಾನು ನಾಲ್ಕು ಜನಕ್ಕೆ ಉತ್ತರ ಕೊಡ್ಬೇಕು. ಬಂದೋರಿಗೆ ಪ್ಯಾಕೇಜ್ ಗಟ್ಟಿ ಮಾಡ್ಸಿ. ಅವರೇನು ಪದ್ಯ ಸವಿಯೋಕೆ ಬಂದಿದಾರಾ?"

ಆ ಮಾತಿಗೆ ಪ್ರೇಮಕುಮಾರಿ ತಲೆಯಾಡಿಸಿದರು. ಆದರೆ ಸಂಜೆ ಕಾಲು ಬಾಡಿಗೆ ಮನೆಯ ಕಡೆಗೆ ಹೋಗದೆ ಬಸ್‌ಸ್ಟ್ಯಾಂಡಿನತ್ತ ತಿರುಗಿತು. ಅಲ್ಲಿ ಭುವನಾಳ ತಂದೆ ಗಂಗಾಧರಪ್ಪನವರ ಪಾತ್ರೆ ಅಂಗಡಿ, ಹಿಂದೆಯೇ ಮನೆ. ಏನು ಹೇಳುವುದೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಓಣಿ ಹೊಕ್ಕಾಗಲೇ ಚದುರಿಹೋದವು.

ಬಾಗಿಲಲ್ಲಿ ಚಪ್ಪಲಿ ಬಿಡಲು ಬಗ್ಗಿದವರು ಹಾಗೆಯೇ ನಿಂತರು.

ಹೊಸ್ತಿಲ ಪಕ್ಕ ಗಂಡಸಿನದೊಂದು ಜೊತೆ ತೊಗಲಿನ ಚಪ್ಪಲಿ. ಹಳೆಯದು, ಹಿಮ್ಮಡಿಯ ಕಡೆ ಸವೆದಿತ್ತು. ಆದರೆ ಧೂಳಿಲ್ಲ, ಪಟ್ಟಿಗಳಿಗೆ ಎಣ್ಣೆ ಒರೆಸಿದ ಹೊಳಪು. ಒಳಗಿಂದ ಬಂದ ವಯಸ್ಸಾದ ಹೆಂಗಸು ಅವನ್ನು ಎರಡೂ ಕೈಯಿಂದ ಸರಿಸಿ ದಾರಿ ಬಿಟ್ಟರು.

"ಬನ್ನಿ ಮೇಡಂ. ಇದು ನಮ್ಮ ಯಜಮಾನ್ರದ್ದು. ಕೆಲಸದ ಮೇಲೆ ಹೋಗಿದಾರೆ, ಬರ್ತಾರೆ."

ಅದು ಭುವನಾಳ ಸೋದರತ್ತೆ ಶಿವಗಂಗಮ್ಮ. ಅವರು ಕಾಫಿ ಮಾಡಲು ಒಳಗೆ ಹೋದ ಮೇಲೆ ಗಂಗಾಧರಪ್ಪ ದನಿ ತಗ್ಗಿಸಿದರು. "ಭಾವ ಮನೆ ಬಿಟ್ಟು ಹೋಗಿ ಎಷ್ಟೋ ವರ್ಷ ಆಯ್ತು. ಬರಲ್ಲ ಅಂತ ಅಕ್ಕಂಗೂ ಗೊತ್ತು ಮೇಡಂ. ಕೇಳೋರು ಕೇಳ್ದೆ ಇರ್ಲಿ ಅಂತ ಅಷ್ಟೇ. ಮಳೆಗಾಲದಲ್ಲಿ ಬೂಷ್ಟು ಹಿಡಿದ್ರೆ ಒರೆಸಿ ಒರೆಸಿ ಇಡ್ತಾಳೆ."

ಪ್ರೇಮಕುಮಾರಿ ಮತ್ತೊಮ್ಮೆ ಹೊಸ್ತಿಲಿನತ್ತ ನೋಡಿದರು.

"ಇವಳು ನೋಡಿದ್ರೆ ಕಾಲೇಜಿಗೆ ಹೋಗಲ್ಲ ಅಂತಾಳೆ. ಪರೀಕ್ಷೇನೂ ಬರೆಯಲ್ಲವಂತೆ, ಅಂಗಡೀಲಿ ಕೂರ್ತಾಳಂತೆ. ನಾನು ಬಿಡಿಸ್ತಿಲ್ಲ ಮೇಡಂ, ನನ್ನಾಣೆ. ಏನಾಯ್ತೂ ಅಂದ್ರೆ ಬಾಯಿ ಬಿಡಲ್ಲ." ಮಗಳನ್ನು ಕರೆದು ಅವರು ಗಿರಾಕಿ ನೋಡಲು ಹೋದರು.

ಭುವನಾ ಬಾಗಿಲಿಗೊರಗಿ ನಿಂತಳು.

"ನೋಟ್ಸಲ್ಲಿದ್ದಿದ್ದನ್ನೇ ಬರೆದಿದ್ರೆ ಆಗ್ತಿತ್ತಲ್ಲಮ್ಮ," ಎಂದರು ಪ್ರೇಮಕುಮಾರಿ. ಹೇಳಬೇಕೆಂದಿದ್ದದ್ದು ಇದಲ್ಲ.

"ಗೊತ್ತು ಮೇಡಂ. ಅದು ನಂಗೆ ಬಾಯಿಗೆ ಬರುತ್ತೆ. ಆದ್ರೆ ಪದ್ಯ ಓದ್ವಾಗ ಅತ್ತೆ ಕಂಡ್ರು. ಅದಕ್ಕೆ ಬರೆದೆ."

"ನಿಮ್ಮನ್ನೆಲ್ಲ ಪಾಸ್ ಮಾಡಿಸ್ಬೇಕು ಅನ್ನೋದೊಂದೇ ನನ್ನ ತಲೇಲಿ. ಇಂಗ್ಲಿಷಲ್ಲಿ ಫೇಲಾದ್ರೆ ಹೆಣ್ಮಕ್ಕಳನ್ನ ಮನೇಲಿ ಕೂರಿಸಿಬಿಡ್ತಾರೆ. ನಾನು ನೋಡಿದೀನಿ."

"ನಮ್ಮಪ್ಪ ಕೂರಿಸಿಲ್ಲ ಮೇಡಂ. ನಾನೇ ಕೂತ್ಕೊಂಡೆ."

ಒಳಗೆ ಲೋಟಗಳ ಸದ್ದು. ಪ್ರೇಮಕುಮಾರಿ ಅತ್ತ ಒಮ್ಮೆ ನೋಡಿ ಮೆಲ್ಲನೆ ಹೇಳಿದರು: "ತಪ್ಪಾಯ್ತು, ಭುವನಾ."

ಹುಡುಗಿ ಮೊದಲ ಸಲ ಮುಖವೆತ್ತಿದಳು. "ಇಲ್ಲಿ ಹೇಳಿದ್ರೆ ಏನು ಬಂತು ಮೇಡಂ? ನಕ್ಕಿದ್ದು ಅಲ್ಲಿ."

ಕಾಫಿ ಬಂತು. ಶಿವಗಂಗಮ್ಮ ಎದುರು ಕೂತು ಕುಡಿಸಿಯೇ ಕಳಿಸಿದರು.

ಮರುದಿನ ತರಗತಿಯಲ್ಲಿ ಪ್ರೇಮಕುಮಾರಿಯ ಕೈಯಲ್ಲಿದ್ದ ಸೀಮೆಸುಣ್ಣ ಮುರಿಯಿತು. ಇನ್ನೊಂದು ತೆಗೆದುಕೊಂಡರು, ಏನೂ ಬರೆಯದೆ ಇಟ್ಟರು.

"ಮೊನ್ನೆ ನಾನೊಂದು ಉತ್ತರ ಓದಿ ನಿಮ್ಮನ್ನೆಲ್ಲ ನಗಿಸಿದೆ," ಎಂದರು. "ಆ ಉತ್ತರ ಸರಿಯಾಗಿತ್ತು. ನಾನು ನಕ್ಕಿದ್ದು ತಪ್ಪು."

ಚಪ್ಪಲಿಯ ಮಾತು ಎತ್ತಲಿಲ್ಲ.

ಅಶ್ವಿನ್ ಎದ್ದ. ಅವನ ದನಿಯಲ್ಲಿ ತಮಾಷೆಯಿರಲಿಲ್ಲ, ದಿಗಿಲಿತ್ತು. "ಮೇಡಂ, ಹಾಗಾದ್ರೆ ಪರೀಕ್ಷೇಲಿ ಯಾವುದು ಬರೀಬೇಕು? ನಿಮ್ಮ ನೋಟ್ಸಾ, ಅವಳದಾ?"

"ನೀನು ಪದ್ಯ ಓದಿದೀಯಾ, ಅಶ್ವಿನ್?"

"ನೋಟ್ಸ್ ಓದಿದೀನಿ, ಮೇಡಂ."

ಕೆಲವರು ಕಿಸಕ್ಕೆಂದರು. ಪ್ರೇಮಕುಮಾರಿ ನಗಲಿಲ್ಲ. "ಕೂತ್ಕೋ. ಎಲ್ಲರೂ ಪದ್ಯ ತೆಗೀರಿ. ದೀಪ ಯಾಕಿಟ್ಟಳು ಅಂತ ನಿಮಗನ್ನಿಸಿದ್ದು ಹೇಳಿ. ಕನ್ನಡದಲ್ಲಿ ಬಂದ್ರೆ ಕನ್ನಡದಲ್ಲೇ ಹೇಳಿ, ಇಂಗ್ಲಿಷನ್ನ ಆಮೇಲೆ ಹುಡುಕೋಣ. ಹಿಂದಿನ ಬೆಂಚಿಂದ ಶುರು."

ಭುವನಾಳ ಪಕ್ಕ ಕೂರುತ್ತಿದ್ದ ಜಾವಳಿ ಊರಿನ ದಿವ್ಯಾ ಬೆಂಚು ಹಿಡಿದು ಎದ್ದಳು. "ಒಬ್ಳೇ ಇದ್ಲಲ್ಲ ಮೇಡಂ... ಕತ್ಲೆ ಅಂದ್ರೆ ಹೆದರಿಕೆಯೇನೋ."

ಪ್ರೇಮಕುಮಾರಿ ಅದನ್ನು ಇದ್ದಂತೆಯೇ ಕನ್ನಡದಲ್ಲಿ ಬೋರ್ಡಿನ ಮೇಲೆ ಬರೆದರು. ಕಾರಿಡಾರಿನಲ್ಲಿ ಹೋಗುತ್ತಿದ್ದ ಶಾಂತವೀರಪ್ಪ ಕಿಟಕಿಯ ಬಳಿ ತಡೆದು ಕನ್ನಡಕ ಸರಿಮಾಡಿಕೊಂಡರು. ಪ್ರೇಮಕುಮಾರಿ ಅವರನ್ನು ನೋಡಿದರು. ಆದರೂ ಡಸ್ಟರ್ ಮುಟ್ಟಲಿಲ್ಲ. ಸಂಜೆ ಸ್ಟಾಫ್‌ರೂಮಿನಲ್ಲಿ ಪ್ರಾಂಶುಪಾಲರು ಹೇಳಿದ್ದು ಇಷ್ಟೇ: "ರಿಸಲ್ಟ್ ಬಿದ್ರೆ ನಿಮ್ಮ ತಲೆ ಮೇಲೆ, ಮೇಡಂ." ಪ್ರೇಮಕುಮಾರಿ ಆಗಲಿ ಎಂದರು. ಆ ರಾತ್ರಿ ಅವರಿಗೆ ಸರಿಯಾಗಿ ನಿದ್ದೆ ಹತ್ತಲಿಲ್ಲ.

ಅಂದೇ ಸಂಜೆ ಬಸ್ಸಿಗೆ ಹೋಗುವ ದಾರಿಯಲ್ಲಿ ದಿವ್ಯಾ ಪಾತ್ರೆ ಅಂಗಡಿಗೆ ನುಗ್ಗಿ ಏನು ಹೇಳಿದಳೋ, ಎರಡು ದಿನ ಬಿಟ್ಟು ಇಂಗ್ಲಿಷ್ ಪೀರಿಯಡ್ಡಿನ ನಡುವೆ ಬಾಗಿಲಲ್ಲಿ ಭುವನಾ ಕಾಣಿಸಿಕೊಂಡಳು. ಒಳಗೆ ಬಂದು ತನ್ನ ಜಾಗದಲ್ಲಿ ಕೂತಳು. ಅಂದು ಬೇರೆ ಪದ್ಯ. ಪೀರಿಯಡ್ ಮುಗಿಯುವ ಹೊತ್ತಿಗೆ ಸರದಿ ಅವಳಿಗೆ ಬಂತು.

ಎದ್ದಳು. ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದಳು, ಮೂರನೆಯದಕ್ಕೆ ತಡವರಿಸಿ ನಿಂತಳು. ಮುಂದಿನ ಬೆಂಚುಗಳ ತಲೆಗಳು ಹಿಂದಕ್ಕೆ ತಿರುಗಿದವು. ಪ್ರೇಮಕುಮಾರಿ ಮೇಜು ಬಿಟ್ಟು ನಡೆದುಬಂದು, ಕೊನೆಯ ಬೆಂಚಿನ ತುದಿಯಲ್ಲಿ ದಿವ್ಯಾಳನ್ನು ಸರಿಸಿ ಕೂತರು.

"ಹೇಳು," ಎಂದರು. "ನಿಧಾನ ಹೇಳು."

ಹೊರಗೆ ಕಳಸದ ಬಸ್ಸಿನ ಹಾರನ್ ಕೇಳಿತು. ಯಾರೂ ಏಳಲಿಲ್ಲ.