ಬೆನ್ನ ಹಿಂದೆ ಜಾರಿದ ಮಾತು

ಹೀದರ್ ಆಶ್‌ವರ್ತ್ ಮನೆಮನೆಗೆ ಹೋಗಿ ಗಾಯ ಕಟ್ಟುವ ನರ್ಸ್ ಕೆಲಸಕ್ಕೆ ಸೇರಿದ ಮೊದಲ ದಿನ, ಕಲಿಸಲು ಬಂದ ಹಿರಿಯ ನರ್ಸ್ ಬ್ರೆಂಡಾ ಹಲಗೆಯ ಮೇಲೆ ಅಸಹ್ಯವಾದಾಗ ಬಾಯಿಗೆ ಬರುವ ಇಂಗ್ಲಿಷ್ ಉದ್ಗಾರಗಳನ್ನೆಲ್ಲ ಬರೆದು, ಒಂದೊಂದನ್ನೂ ಹೊಸಬರೆಲ್ಲರಿಂದ ಗಟ್ಟಿಯಾಗಿ ಹೇಳಿಸಿದ್ದಳು.

"ಹೇಳಿ, ಹೇಳಿ, ಇವತ್ತೇ ಕೊನೆ. 'ಯಕ್' ಅನ್ನೋದು ಬಾಯಿಗಿಟ್ಟಿದ್ದು ಸೇರದಿದ್ರೆ, ಮಕ್ಕಳ ಮಾತು. 'ಪೂ' ಅಂದ್ರೆ ನಾತ, ಅದ್ರಲ್ಲಿ ಅರ್ಧ ತಮಾಷೆ. 'ಈಯೂ' ಅನ್ನೋರು ಮಾರು ದೂರ ನಿಂತಿರ್ತಾರೆ, ಹಲ್ಲು ಬೇರೆ ಕಿರೀತಿರ್ತಾರೆ. ಇವನ್ನೆಲ್ಲ ಬೇಡ ಅಂದ್ರೆ ಬಿಡಬಹುದು. ಆದ್ರೆ ಈ 'ಅಗ್' ಇದ್ಯಲ್ಲ, ಇದು ನಿಮ್ಮನ್ನ ಕೇಳಿ ಬರಲ್ಲ. ಗಂಟಲಲ್ಲಿ ಹುಟ್ಟುತ್ತೆ, ಅಲ್ಲೇ ಹೂತುಬಿಡಿ. ರೋಗಿ ಕಿವಿಗೆ ಬಿತ್ತೋ, ಅವನು ಸಾಯೋತನಕ ಮರೆಯಲ್ಲ."

ಹೀದರ್ ಎರಡು ವರ್ಷ ಹೂತಳು. ಮೂಗಿನ ಕೆಳಗೆ ಪುದೀನಾ ಎಣ್ಣೆ ಸವರಿಕೊಂಡು, ಕೊಳೆತ ಕಾಲುಗಳ ಮುಂದೆ ಮಂಡಿಯೂರಿ ಕೂತು, ಮಳೆ ಬಿಸಿಲಿನ ಮಾತಾಡಿದಳು. ಗಾಯ ಹೇಗಿದೆ ಎಂದು ಯಾರು ಕೇಳಿದರೂ "ಚೆನ್ನಾಗಿ ಮಾಯ್ತಾ ಇದೆ" ಅಂದಳು. ಇಂಗ್ಲೆಂಡಿನ ಈ ಲ್ಯಾಂಕಾಶೈರ್ ಸೀಮೆಯ ನಮ್ಮ ಜನವೇ ಹಾಗೆ. ಮನೆಗೆ ಬೆಂಕಿ ಬಿದ್ದರೂ "ಸ್ವಲ್ಪ ಬೆಚ್ಚಗಾಯ್ತು" ಅನ್ನುವ ಚಾಳಿ.

ವಿಲ್ಫ್ರೆಡ್ ಗ್ರಿಮ್‌ಶಾನ ಮನೆಯಲ್ಲೂ ಅದೇ ಮಾತು ನಡೆದಿತ್ತು. ಎಂಬತ್ತೊಂದರ ಮುದುಕ, ಒಂಟಿ. ಹುಣ್ಣು ಬೆನ್ನಿನ ನಟ್ಟನಡುವೆ, ಕ್ಯಾನ್ಸರಿನದು. ಕನ್ನಡಿ ಹಿಡಿದರೂ ಅವನಿಗೆ ಕಾಣುವಂತಿರಲಿಲ್ಲ. ಬಣ್ಣದ ಕಾರ್ಖಾನೆಯಲ್ಲಿ ನಲವತ್ತು ವರ್ಷ ಆವಿ ಕುಡಿದ ಮೂಗು ಎಂದೋ ಸತ್ತಿತ್ತು, ಹಾಗಾಗಿ ನಾತವೂ ತಿಳಿಯುತ್ತಿರಲಿಲ್ಲ. ತನ್ನ ಬೆನ್ನಿನ ಸುದ್ದಿಯನ್ನು ಅವನು ನರ್ಸುಗಳ ಬಾಯಿಂದಲೇ ತಿಳಿಯಬೇಕಿತ್ತು. ಡಾಕ್ಟರು ಬಂದವರು "ಆರಾಮವಾಗಿ ಇಡೋಣ" ಅಂದು ಹೋಗಿದ್ದರು, ವಾಸಿಯಾಗದವರಿಗೆ ಹೇಳುವ ಮಾತು ಅದು. ಆರಾಮ ಅಂದರೆ ವಾಸಿ ಎಂದುಕೊಂಡ ಪುಣ್ಯಾತ್ಮ.

ತಂಗಿ ಎಡ್ನಾ ನ್ಯೂಜಿಲೆಂಡಿನಲ್ಲಿದ್ದಳು. ಅಣ್ಣ ತಂಗಿ ಮುಖ ನೋಡಿ ಹತ್ತೊಂಬತ್ತು ವರ್ಷ. ವಾರವಾರವೂ ಫೋನು ಮಾಡಿ ಬರ್ತೀನಿ ಅನ್ನುತ್ತಿದ್ದಳು, ವಿಲ್ಫ್ರೆಡ್ ಬೇಡ ಅನ್ನುತ್ತಿದ್ದ.

"ಅಷ್ಟು ದೂರದಿಂದ ಬಂದು ನನ್ನ ಹುಣ್ಣು ನೋಡ್ಬೇಕಾ ಅವಳು? ಮಾಯಲಿ. ಏಪ್ರಿಲ್‌ಗೆ ಬರಲಿ, ಇಬ್ರೂ ಬ್ಲ್ಯಾಕ್‌ಪೂಲ್‌ಗೆ ಹೋಗಿ ಸಮುದ್ರ ನೋಡ್ತೀವಿ. ಅಲ್ವೇನಮ್ಮ?"

ಆಗ ನವೆಂಬರ್. ಏಪ್ರಿಲ್ ಇವನಿಗಿಲ್ಲ ಎಂದು ಹೀದರ್‌ಗೆ ಗೊತ್ತಿತ್ತು. ಗೊತ್ತಿದ್ದೂ "ಹೋಗುವಿರಂತೆ" ಅಂದಳು. ಮನೆಯಿಂದ ಹೊರಬಂದು ಕಾರಿನಲ್ಲಿ ಕೂತಾಗ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಮುಂದಿನ ಮಂಗಳವಾರ ಹೋಗಿ ಪಟ್ಟಿ ಬಿಚ್ಚಿದಳು. ನಾಲ್ಕೇ ದಿನದಲ್ಲಿ ಹುಣ್ಣು ಒಳಗೊಳಗೇ ತಿಂದಿತ್ತು. ಬಟ್ಟೆಯ ಜೊತೆ ಮಾಂಸವೂ ಎದ್ದು ಬಂತು, ಅಡಿಯಲ್ಲಿ ಬೆಳ್ಳಗೆ ಮೂಳೆ ಕಂಡಿತು.

"ಅಗ್!"

ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಮಾತು ಹೊರಗೆ ಬಿದ್ದಿತ್ತು. ವಿಲ್ಫ್ರೆಡ್‌ನ ಹೆಗಲು ಬಿಗಿಯಿತು. ಪಟ್ಟಿ ಕಟ್ಟಿ ಮುಗಿದ ಮೇಲೆ "ಚಹಾ ಕುಡ್ಕೊಂಡು ಹೋಗ್ತೀಯಾ?" ಅಂದ. ಅವಳು ಬೇಡವೆಂದು ಚೀಲ ಎತ್ತಿಕೊಂಡು ಹೊರಟಳು.

ಅವಳೇ ಹೋಗಿ ಬ್ರೆಂಡಾ ಮುಂದೆ ತಪ್ಪೊಪ್ಪಿಕೊಂಡಳು. ಬ್ರೆಂಡಾ ಬೈಯಲಿಲ್ಲ, ಅದು ಬೈಗುಳಕ್ಕಿಂತ ಕಷ್ಟವಾಯಿತು. ಇಬ್ಬರೂ ಹೋಗಿ ಕ್ಷಮೆ ಕೇಳುವುದು, ಇನ್ನು ಮುಂದೆ ಆ ಮನೆಗೆ ಬೇರೆಯವರನ್ನು ಕಳಿಸುವುದು ಎಂದು ತೀರ್ಮಾನವಾಯಿತು.

ಗುರುವಾರ ಬೆಳಿಗ್ಗೆ ವಿಲ್ಫ್ರೆಡ್ ಕೋಟು ಹಾಕಿಕೊಂಡು ಕಾದಿದ್ದ. ಬ್ರೆಂಡಾ ಕ್ಷಮೆಯ ಮಾತು ಶುರುಮಾಡಿದಳು. ಅವನು ಕೈ ಅಡ್ಡ ಹಿಡಿದ.

"ಅದಿರಲಿ ತಾಯಿ. ನೀನು ದೊಡ್ಡೋಳು, ನೀನೇ ಇವತ್ತು ನೋಡಿ ಹೇಳು. ಹೇಗಿದೆ?"

ಅವನು ಕೋಟು, ಅಂಗಿ ಕಳಚಿದ ಮೇಲೆ ಹೀದರ್ ಪಟ್ಟಿ ಬಿಚ್ಚಿದಳು. ಬ್ರೆಂಡಾ ಬಗ್ಗಿ ನೋಡಿದಳು. ಮೂವತ್ತು ವರ್ಷದ ಅಭ್ಯಾಸ, ಮುಖದ ಒಂದು ಗೆರೆ ಅಲುಗಲಿಲ್ಲ.

"ಚೆನ್ನಾಗೇ ಇದೆ, ಗ್ರಿಮ್‌ಶಾ ಅವ್ರೆ."

ಮುದುಕ ನಕ್ಕ.

"ಏಳು ತಿಂಗಳಿಂದ ಚೆನ್ನಾಗೇ ಇದೆ. ಏಳು ತಿಂಗಳಲ್ಲಿ ಒಬ್ಬಳೇ ಒಬ್ಬಳು, ಈ ಹುಡುಗಿ, ನನಗೆ ನಿಜ ಹೇಳಿದ್ದು. ಅದೂ ಬಾಯಿ ತಪ್ಪಿ. ಹೀದರ್, ಈಗ ಬಾಯಿ ತಪ್ಪದೆ ಹೇಳಮ್ಮ. ಏಪ್ರಿಲ್‌ಗೆ ನಾನಿರ್ತೀನಾ?"

ಬ್ರೆಂಡಾ ಅವಳ ತೋಳು ಹಿಡಿದು ಅದುಮಿದಳು. ಇದು ಡಾಕ್ಟರು ಹೇಳುವ ಮಾತು, ನೀನು ಬಾಯಿ ಹಾಕಬೇಡ ಎಂದು ಅದರರ್ಥ. ಕೆಲಸ ಹೋದರೂ ಹೋಗಬಹುದಿತ್ತು. ಹೀದರ್ ಬೆನ್ನ ಹಿಂದಿನಿಂದ ಎದ್ದು, ಸುತ್ತಿ ಬಂದು, ಮುದುಕನ ಎದುರು ಕೂತಳು.

"ಇಲ್ಲ, ಗ್ರಿಮ್‌ಶಾ ಅವ್ರೆ. ನನ್ನ ಕಣ್ಣಿಗೆ ಕ್ರಿಸ್‌ಮಸ್ಸೂ ಅನುಮಾನ. ನಾನು ಇಷ್ಟು ದಿನ ಸುಳ್ಳು ಹೇಳಿದೆ. ಮಂಗಳವಾರದ ಮಾತಿಗಲ್ಲ, ಆ ಸುಳ್ಳಿಗೆ ಕ್ಷಮಿಸಿ."

ಬ್ರೆಂಡಾಳ ಕೈ ಸಡಿಲವಾಯಿತು. ಅವಳು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ವಿಲ್ಫ್ರೆಡ್ ಫೋನು ಕೊಡು ಅಂದ.

"ಎಡ್ನಾ, ನಾನು ಕಣೇ. ಇಲ್ಲ, ವಾಸಿ ಆಗಲ್ವಂತೆ. ಇಲ್ಲೊಬ್ಬ ಒಳ್ಳೆ ಹುಡುಗಿ ಹೇಳಿದ್ಲು. ಕೇಳಿಲ್ಲಿ, ಏಪ್ರಿಲ್ ಅಂತ ಕೂರ್ಬೇಡ. ನಾರುತ್ತೆ, ನೋಡೋಕೂ ಆಗಲ್ಲ. ನೀನು ಅಸಹ್ಯ ಪಟ್ಕೊಂಡ್ರೂ ಪಟ್ಕೋ, ನನಗೇನೂ ಬೇಜಾರಿಲ್ಲ. ಬಂದ್ಬಿಡು."

ಅವನು ಮಾತಾಡುತ್ತಿದ್ದಂತೆಯೇ ಹೀದರ್ ಹಿಂದೆ ಹೋಗಿ ಹೊಸ ಪಟ್ಟಿ ಕಟ್ಟಿದಳು. ಎಡ್ನಾ ಭಾನುವಾರ ಬಂದಿಳಿದಳು. ಅಣ್ಣ ತಂಗಿಗೆ ಹನ್ನೊಂದು ದಿನ ಸಿಕ್ಕವು.