ಇಳಿಸಿಟ್ಟ ಎಂಟು ಪಿಟೀಲು

ಮಗಳು ಬರೆದ ಸಂಗೀತವನ್ನು ಮೊದಲ ಸಲ ಜನರ ಮುಂದೆ ನುಡಿಸುವ ದಿನ, ಅದನ್ನು ಕೆಡಿಸಲು ಹೊರಗಿನವರು ಯಾರೂ ಬೇಕಾಗಲಿಲ್ಲ. ಮನೆಯವನು ನಾನೇ ಇದ್ದೆ.

ನನ್ನ ಕಸುಬು ಪಿಟೀಲು ರಿಪೇರಿ. ಅವಳ ಕಾರ್ಯಕ್ರಮವಿದ್ದ ಸಭಾಂಗಣದ ವಾದ್ಯಗಳಿಗೆ ನಲವತ್ತು ವರ್ಷದಿಂದ ತಂತಿ ಕಟ್ಟುತ್ತಿರುವವನು ನಾನೇ. ಓದಿದ್ದು ಮೂರನೇ ಕ್ಲಾಸು. ಆದರೆ ತಂತಿ ಕೂದಲೆಳೆಯಷ್ಟು ಇಳಿದರೂ ಕಿವಿಗೆ ಗೊತ್ತಾಗುತ್ತದೆ. ಆ ಜಂಬವೇ ಮುಳುವಾಯಿತು.

ಮಗಳದು ಹೊಸ ಕಾಲದ ರಚನೆ. ಇಪ್ಪತ್ತೆರಡು ಜನ, ಎಲ್ಲವೂ ಕಮಾನು ಎಳೆಯುವ ವಾದ್ಯಗಳೇ. ಜನಕ್ಕೆ ಹಿಡಿಸದಿದ್ದರೆ ಅವಳದನ್ನು ಇನ್ನೊಮ್ಮೆ ನುಡಿಸುವುದಿಲ್ಲ ಎಂದು ಮೇಳ ನಡೆಸುವ ಮೇಷ್ಟ್ರು ಮೊದಲೇ ಹೇಳಿಬಿಟ್ಟಿದ್ದರು.

ವಿರಾಮದಲ್ಲಿ ವೇದಿಕೆಯ ಹಿಂದೆ ಹೋದೆ. ಮೇಜಿನ ಮೇಲೆ ಎಂಟು ಪಿಟೀಲು ಬೇರೆಯಾಗಿ ಇಟ್ಟಿದ್ದರು. ಮೀಟಿ ನೋಡಿದೆ. ಎಂಟರಲ್ಲೂ ದಪ್ಪ ತಂತಿ ಸಡಿಲ! ಈಗಿನವರಿಗೆ ಶ್ರದ್ಧೆಯೇ ಇಲ್ಲ ಎಂದು ಗೊಣಗುತ್ತಾ ಬಿರಡೆ ತಿರುಗಿಸಿ ಎಲ್ಲವನ್ನೂ ಶ್ರುತಿಗೆ ತಂದೆ. ಮಗಳಿಗೆ ಉಪಕಾರ ಮಾಡಿದೆನೆಂದು ಎದೆಯುಬ್ಬಿಸಿ ಅಲ್ಲೇ ನಿಂತೆ.

ಮಗಳು ಬಂದು ಒಂದನ್ನು ಮೀಟಿದಳು. ಮುಖ ಬಿಳಿಚಿಕೊಂಡಿತು.

"ಇದನ್ನ ಮುಟ್ಟಿದ್ದು ಯಾರು?"

"ನಾನೇ ಕಣೇ. ಇಳಿದುಹೋಗಿತ್ತು, ಸರಿ ಮಾಡ್ದೆ."

"ಅಪ್ಪಾ! ಕೊನೇ ಭಾಗಕ್ಕೆ ಅಂತ ಬೇಕೂಂತಲೇ ಇಳಿಸಿಟ್ಟಿದ್ದು! ಇನ್ನೈದು ನಿಮಿಷಕ್ಕೆ ಎಲ್ಲಾ ತಗೊಂಡು ವೇದಿಕೆಗೆ ಹೋಗ್ತಾರೆ."

"ಮತ್ತೆ ಇಳಿಸ್ತೀನಿ. ಎಷ್ಟು ಇಳಿಸ್ಲಿ, ಹೇಳು."

ಅವಳು ನನ್ನ ಕಿವಿಯ ಬಳಿ ಬಂದು ಮೆಲ್ಲಗೆ ಗುನುಗಿದಳು. ಚಿಕ್ಕವಳಿದ್ದಾಗ ಹೀಗೆ ಕೆಳಕ್ಕೆ ಜಾರಿ ಹಾಡಿದಾಗಲೆಲ್ಲ "ಮೇಲೆ, ಮೇಲೆ" ಎಂದು ಗದರಿದವನು ನಾನೇ. ಈಗ ಅದೇ ದನಿಗೆ ತಂತಿ ಹೊಂದಿಸಬೇಕು. ಆದರೆ ಕೈ ಕೇಳಬೇಕಲ್ಲ? ಹಾಳು ಅಭ್ಯಾಸ, ಮೇಲಕ್ಕೇ ಎಳೆಯುತ್ತದೆ. ಅವಳು ಕೈ ಮೇಲೆ ಪಟಾರನೆ ಹೊಡೆದಳು.

"ಇಳಿಸು ಅಂದ್ರೆ ಇಳಿಸಪ್ಪಾ!"

ಏಳು ಇಳಿಸಿ ಮುಗಿಸುವಷ್ಟರಲ್ಲಿ ಗಂಟೆ ಹೊಡೆಯಿತು; ಒಂದು ಹಾಗೇ ಉಳಿಯಿತು. ಎಂಟನೆಯದನ್ನು ನುಡಿಸುವ ದಪ್ಪ ಮೀಸೆಯವರಿಗೆ ಮಗಳು ಹೇಳಿದಳು: "ಕೊನೇ ಭಾಗದಲ್ಲಿ ಕಮಾನು ಆಡಿಸಿ ಸಾರ್, ತಂತಿಗೆ ಮಾತ್ರ ತಗಲಿಸ್ಬೇಡಿ."

ನಾನು ಪರದೆಯ ಮರೆಯಲ್ಲಿ ನಿಂತು ಕೇಳಿದೆ. ಕೊನೆಯ ಭಾಗ ಬಂತು. ಮುಚ್ಚಿದ ಬಾಗಿಲಾಚೆ ಮನೆಮಂದಿಯೆಲ್ಲ ಪಿಸುಗುಡುತ್ತಿರುವಂತೆ ಏಳು ಪಿಟೀಲು ನುಡಿದವು. ನನ್ನ ಕಿವಿಗೆ ಅದು ತಪ್ಪೆಂದೇ ಅನಿಸಿತು. ಆದರೂ ಯಾಕೋ ಪರದೆ ಸರಿಸಿ ಇನ್ನೊಂದು ಹೆಜ್ಜೆ ಮುಂದೆ ಬಂದೆ. ಮೀಸೆಯವರು ಕಣ್ಣು ಮುಚ್ಚಿ, ತಲೆದೂಗಿ, ಭಾವತುಂಬಿ ಗಾಳಿಯನ್ನು ನುಡಿಸುತ್ತಿದ್ದರು.

ಮುಗಿದಾಗ ಜೋರು ಚಪ್ಪಾಳೆ. ಹೊರಗೆ ಒಬ್ಬ ಹೆಂಗಸು ಮೀಸೆಯವರ ಕೈ ಕುಲುಕಿ, "ಎಲ್ಲರಿಗಿಂತ ಮೃದುವಾಗಿ ನುಡಿಸಿದ್ದು ನೀವೇ" ಎಂದರು. ಅವರು ಒಪ್ಪಿಕೊಂಡರು.

ಮೇಷ್ಟ್ರು ಮುಂದಿನ ತಿಂಗಳು ಮತ್ತೆ ನುಡಿಸೋಣ ಎಂದರಂತೆ. ಮಗಳು ಬಂದು, "ಎಂಟನ್ನೂ ನೀನೇ ಇಳಿಸ್ಬೇಕು. ಮಾಡಿದವರ ಪಾಪ ನುಡಿಸಿದವರಿಗೆ ಯಾಕೆ?" ಎಂದಳು.

ಈಗ ದಿನಾ ಬೆಳಿಗ್ಗೆ ತಂತಿಯ ಶ್ರುತಿ ತಪ್ಪಿಸುವುದನ್ನು ಕಲಿಯುತ್ತಿದ್ದೇನೆ. ಅವಳು ಎದುರು ಕೂತು ಗುನುಗುತ್ತಾಳೆ. ಎಂಟರಲ್ಲಿ ಆರು ಸರಿಯಾಗಿ ತಪ್ಪುತ್ತವೆ.